ಹೊಲಿದಿಟ್ಟ ಪಾಠ

ಪ್ರತಿವರ್ಷ ಪಾಠಗಳು ಶುರುವಾಗುವ ಹಿಂದಿನ ವಾರ, ಪ್ರಾರ್ಥನಾಮಂದಿರದ ಹಿಂಬದಿಯ ಕೋಣೆಯಲ್ಲಿ ಅತ್ತೆಯವರು ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಜೀವಶಾಸ್ತ್ರದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದರು. ಹರಿದ ಪುಸ್ತಕಗಳಿಗಲ್ಲ, ಹೊಚ್ಚಹೊಸ ಪುಸ್ತಕಗಳಿಗೆ. ಅದೂ ಒಂದೇ ಒಂದು ಪಾಠಕ್ಕೆ. ‘ಜೀವವಿಕಾಸ’ ಎಂಬ ತಲೆಬರಹದ ಆ ಪಾಠದ ಹಾಳೆಗಳನ್ನೆಲ್ಲ ಒಟ್ಟುಗೂಡಿಸಿ, ತೆರೆಯುವ ಅಂಚಿನುದ್ದಕ್ಕೂ ನೀಲಿ ದಾರವನ್ನು ಎರಡೆಳೆ ಮಾಡಿ ಹೊಲಿದು, ಕೊನೆಗೆ ಗಂಟು ಬಿಗಿದು, ಪುಸ್ತಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಕೊರಳಲ್ಲೇ ಇರುತ್ತಿತ್ತು; ಪುಸ್ತಕಗಳು ಹೊರಗೆ ಬರುತ್ತಿದ್ದುದು ಪಾಠದ ಹೊತ್ತಿಗೆ ಮಾತ್ರ.

ತಮ್ಮ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕೆಲವು ಕ್ರೈಸ್ತ ಕುಟುಂಬಗಳು ಸೇರಿ ಕಟ್ಟಿಕೊಂಡಿದ್ದ ಬಳಗ ಅದು. ಭಾಷೆ, ಲೆಕ್ಕ, ಚರಿತ್ರೆಗಳು ಅವರವರ ಮನೆಯಲ್ಲಿ. ಸೂಕ್ಷ್ಮದರ್ಶಕ ಬೇಕಾದ ವಿಜ್ಞಾನ ಮಾತ್ರ ಮಂಗಳವಾರಗಳಂದು ಈ ಕೋಣೆಯಲ್ಲಿ, ಎಲ್ಲರಿಗೂ ಒಟ್ಟಾಗಿ. ಬಳಗವನ್ನು ಕಟ್ಟಿದವರು ಅತ್ತೆಯವರೇ. ಹಿಂದೆ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಅವರು ಕೆಮ್ಮಿದರೆ ಇಂದಿಗೂ ದೊಡ್ಡವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಹೊಲಿಗೆಯ ಪದ್ಧತಿಯೂ ಅವರದೇ. ಮಗುವಿಗೆ ಹದಿನಾರು ತುಂಬಿದ ಮೇಲೆ, ತಂದೆತಾಯಿಯರ ಮತ್ತು ಅತ್ತೆಯವರ ಸಮಕ್ಷಮದಲ್ಲಿ, ಕತ್ತರಿಯಿಂದ ದಾರ ಕತ್ತರಿಸಿ ಪಾಠವನ್ನು ತೆರೆಯಬೇಕು. ಅಷ್ಟರೊಳಗೆ ಆ ಪಾಠವನ್ನು ಖಂಡಿಸುವ ಒಂದು ಕಿರುಪುಸ್ತಿಕೆ ಬಾಯಿಪಾಠವಾಗಿರಬೇಕು. ಅದನ್ನು ಹತ್ತನೆಯ ವಯಸ್ಸಿಗೇ ಕೈಗಿಡುತ್ತಿದ್ದರು.

ಎಂದರೆ, ಮಕ್ಕಳು ಮೊದಲು ಉತ್ತರವನ್ನು ಉರುಹೊಡೆಯುತ್ತಿದ್ದರು. ಪ್ರಶ್ನೆ ಏನೆಂಬುದು ವರ್ಷಗಳಾದ ಮೇಲೆ ತಿಳಿಯುತ್ತಿತ್ತು. ಕಲಿಕೆಯ ಹೆಸರಿನಲ್ಲಿ ಕಲಿಕೆಗೆ ಇದಕ್ಕಿಂತ ದೊಡ್ಡ ಅಪಚಾರವನ್ನು ಎಸಗುವುದು ಕಷ್ಟ. ಆದರೂ ಒಳ್ಳೆಯವರೇ ಅದನ್ನು ಎಸಗುತ್ತಿದ್ದರು, ಒಳ್ಳೆಯದೆಂದೇ ನಂಬಿ.

ಅತ್ತೆಯವರಿಗೆ ಈಚೆಗೆ ಸೂಜಿಯ ತೂತು ಕಾಣುತ್ತಿರಲಿಲ್ಲ. ದಾರ ಪೋಣಿಸಿಕೊಡುತ್ತಿದ್ದವಳು ಸೊಸೆ. ಮದುವೆಗೆ ಮೊದಲು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈಗ ಬಳಗದ ಮಂಗಳವಾರದ ಪಾಠ ಅವಳದೇ. ಮಕ್ಕಳಿಂದ ಹಿಡಿದು ಸಭಾಪಾಲಕರವರೆಗೆ ಎಲ್ಲರಿಗೂ ಅವಳು ಟೀಚರಮ್ಮ.

“ಏನಮ್ಮಾ, ದಾರ ಪೋಣಿಸ್ತಾ ನಿದ್ದೆ ಮಾಡ್ತೀಯಾ?” ಎಂದು ಅತ್ತೆ ಕೇಳಿದರೆ, “ತಗೊಳ್ಳಿ ಅತ್ತೆ” ಎಂದು ಸೂಜಿಯನ್ನು ಮುಂದಕ್ಕೆ ಚಾಚುವಳು. ಪುಸ್ತಿಕೆಯಲ್ಲಿ ಬರೆದಿರುವುದು ಸರಿಯಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಯಾಕೆ ರಾದ್ಧಾಂತ ಎಂದು ಬಾಯಿಗೆ ತಾನೇ ಹೊಲಿಗೆ ಹಾಕಿಕೊಂಡಿದ್ದಳು.

ಹಾಗಿರುವಾಗ ಒಂದು ಮಂಗಳವಾರ, ಗಾಜಿನ ಪಟ್ಟಿಗಳನ್ನು ತೊಳೆದು ತರಲು ಹೊರಗೆ ಹೋಗಿದ್ದ ಟೀಚರಮ್ಮ ಬಾಗಿಲಿಗೆ ಬಂದು ನಿಂತಳು. ಕೋಣೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಮಕ್ಕಳು ಗದ್ದಲ ಮಾಡಿದರೆ ಅವಳು ಹೆದರುವವಳಲ್ಲ; ಸದ್ದಡಗಿದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಮೆಲ್ಲನೆ ಇಣುಕಿದಳು.

ಬೇಕರಿಯವರ ಮಗ, ಉಬ್ಬುಗೆನ್ನೆಯಿಂದಾಗಿ ಎಲ್ಲರ ಬಾಯಲ್ಲಿ ಬನ್ನು ಎನಿಸಿಕೊಂಡವನು, ಮೇಜಿನ ಮೇಲೆ ಮಂಡಿಯೂರಿ ಕೂತಿದ್ದ. ಹೊಲಿದ ಹಾಳೆಗಳನ್ನು ಬಾಗಿಸಿ, ಮೇಲಿನ ತುದಿಯಲ್ಲಿ ಕೊಳವೆಯಂತೆ ಬಾಯಿ ಬಿಡಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಿಂದ ಒಳಗೆ ನೋಡುತ್ತಿದ್ದ. ಹೊಲಿಗೆ ಇದ್ದುದು ಪಕ್ಕದಲ್ಲಿ ಮಾತ್ರ. ಮೇಲೆ ಕೆಳಗೆ ತೆರವಾಗಿತ್ತು. ಉಳಿದ ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು.

“...ಉದ್ದ ಕುತ್ತಿಗೆ...” ಬನ್ನು ಓದುತ್ತಿದ್ದ. “...ಉಳಿದವು ಸತ್ತ... ಆಮೇಲೆ ಮೀನು... ನೆಲದ ಕಡೆ...”

“ಮೀನಿಗೆ ಏನಾಯ್ತು? ಬೇಗ ಹೇಳೋ!”

“ತಾಳ್ರೋ, ಕತ್ತಲು!”

ಟೀಚರಮ್ಮ ಕೆಮ್ಮಿದಳು. ಬನ್ನು ಪುಸ್ತಕದ ಸಮೇತ ಕೆಳಗುರುಳಿದ.

“ಎಷ್ಟು ದಿವಸದಿಂದ ನಡೀತಿದೆ ಇದು?”

ಎಲ್ಲರೂ ಕಾಲ್ಬೆರಳು ನೋಡತೊಡಗಿದರು. ಕೊನೆಗೆ ಒಬ್ಬಳು ಹುಡುಗಿ, “ಟೀಚರ್, ಎಲ್ಲಾರೂ ಮಾಡ್ತಾರೆ. ನಮ್ಮಕ್ಕಾನೂ ಮಾಡ್ತಿದ್ಲು. ಮೀನಿಗೆ ಸಿಟ್ಟು ಬಂದು ನೆಲಕ್ಕೆ ಬಂದುಬಿಡ್ತಂತೆ” ಎಂದಳು.

“ಸಿಟ್ಟು ಅಂತ ಬರೆದಿದೆಯಾ?”

“ಅರ್ಧ ಸಾಲು ಕಾಣ್ಸಲ್ಲ ಟೀಚರ್. ಸಿಟ್ಟು ನಾವು ಹಾಕ್ಕೊಂಡಿದ್ದು.”

ಟೀಚರಮ್ಮನಿಗೆ ನಗು ಉಕ್ಕಿ ಬಂತು. ಆ ಪುಸ್ತಕದಲ್ಲಿ ಎಲೆಯ ಬಗ್ಗೆ, ಹೃದಯದ ಬಗ್ಗೆ, ಜೇನುಗೂಡಿನ ಬಗ್ಗೆ ಎಷ್ಟೊಂದು ಪಾಠಗಳಿದ್ದವು. ಬೆತ್ತ ತೋರಿಸಿದರೂ ಯಾರೂ ಓದುತ್ತಿರಲಿಲ್ಲ. ಹೊಲಿದಿಟ್ಟ ಈ ಒಂದನ್ನು ಮಾತ್ರ ಮಕ್ಕಳು ತಲೆಕೆಳಗಾಗಿ ಓದಿದ್ದರು.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಗುಂಪಿನ ಹಿಂದಿನಿಂದ ಅವಳ ಮಗಳು ಮುಂದೆ ಬಂದಳು. ಹನ್ನೆರಡು ವರ್ಷದ ಹುಡುಗಿ. ಮಾತು ಕಲಿತಂದಿನಿಂದ ‘ಯಾಕಮ್ಮಾ?’ ಎನ್ನದೆ ಒಂದು ತುತ್ತು ನುಂಗಿದವಳಲ್ಲವಾದ್ದರಿಂದ ಊರಿಗೆಲ್ಲ ಅವಳು ಯಾಕಮ್ಮ.

“ಅದಕ್ಕೆಲ್ಲ ಉತ್ತರ ನನಗೆ ಬರುತ್ತಮ್ಮಾ,” ಎಂದು ಯಾಕಮ್ಮ ಕೈಕಟ್ಟಿ ನಿಂತು ಪುಸ್ತಿಕೆಯನ್ನು ಒಪ್ಪಿಸಿದಳು: “ಕೋತಿಯ ಹೊಟ್ಟೆಯಲ್ಲಿ ಮನುಷ್ಯ ಹುಟ್ಟಿದ್ದನ್ನು ಕಂಡವರುಂಟೇ? ಇಲ್ಲ. ಆದ್ದರಿಂದ ವಿಕಾಸವಾದವು ಸುಳ್ಳು.”

“ಕೋತಿಗೆ ಮನುಷ್ಯ ಹುಟ್ಟಿದ ಅಂತ ಹೇಳಿದೋರು ಯಾರು?”

“ಅವರು.”

“ಅವರು ಅಂದ್ರೆ?”

“ಅದೇ... ಚಿಕ್ಕಪ್ಪನ ಥರದೋರು.”

ಟೀಚರಮ್ಮ ಕೈಯಲ್ಲಿದ್ದ ಗಾಜಿನ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು.

ಚಿಕ್ಕಪ್ಪನೆಂದರೆ ಅತ್ತೆಯವರ ಕಿರಿಯ ಮಗ. ಬೀಜಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಕಾಲೇಜು ಸೇರಿದ ವರ್ಷವೇ ಸಭೆಗೆ ಬರುವುದನ್ನು ನಿಲ್ಲಿಸಿದ್ದ. ಅದಾದ ಮೇಲೆಯೇ ಅತ್ತೆಯವರು ಸೂಜಿ ಹಿಡಿದದ್ದು. ತಾಯಿ ಮಗನ ನಡುವೆ ಫೋನಿನಲ್ಲಿ “ಹೇಗಿದ್ದೀಯ?” “ಇದ್ದೀನಿ” ಎಂಬುದರಾಚೆ ಮಾತಿರಲಿಲ್ಲ. ಶನಿವಾರ ಸಂಜೆ ಅತ್ತೆಯವರು ಹೆಂಗಸರ ಪ್ರಾರ್ಥನಾಕೂಟಕ್ಕೆ ಹೊರಟದ್ದನ್ನು ಖಾತ್ರಿ ಮಾಡಿಕೊಂಡು ಅವನು ಅಣ್ಣನ ಮನೆಗೆ ಬರುತ್ತಿದ್ದ. ಅವರು ಹಿಂದಿರುಗುವಷ್ಟರಲ್ಲಿ ಹೊರಟುಬಿಡುತ್ತಿದ್ದ.

ಆ ಶನಿವಾರ ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಡುವುದೇ ತಡ, ಯಾಕಮ್ಮ ಎದುರು ನಿಂತಳು.

“ಚಿಕ್ಕಪ್ಪಾ, ನೀನು ಕೋತಿಗೆ ಹುಟ್ಟಿದ್ದು ಅಂತ ನಂಬ್ತೀಯಾ?”

“ನಾನು ನಿಮ್ಮಜ್ಜಿಗೆ ಹುಟ್ಟಿದ್ದು ಪುಟ್ಟಾ. ಅದನ್ನ ನಿಭಾಯಿಸೋದ್ರಲ್ಲೇ ಅರ್ಧ ಆಯಸ್ಸು ಮುಗೀತು.”

ಕನ್ನಡಕದ ಅಂಗಡಿ ಮುಚ್ಚಿ ಆಗಷ್ಟೇ ಬಂದಿದ್ದ ಅಣ್ಣ ಕಾಫಿ ನೆತ್ತಿಗೇರಿ ಕೆಮ್ಮಿದ. ಆದರೆ ಯಾಕಮ್ಮ ನಗಲಿಲ್ಲ. “ಮತ್ತೆ ಪುಸ್ತಿಕೇಲಿ ಹಾಗಿದೆಯಲ್ಲ?”

ಚಿಕ್ಕಪ್ಪ ಅತ್ತಿಗೆಯ ಮುಖ ನೋಡಿದ. ಆಮೇಲೆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ: “ನಾನೂ ನಿನ್ನ ಹಾಗೇ ಅದನ್ನ ಗಟ್ಟಿ ಮಾಡಿದ್ದೆ. ಕಾಲೇಜಲ್ಲಿ ಮೇಡಂ ವಿಕಾಸದ ಪಾಠ ಶುರು ಮಾಡಿದ್ರು. ನಾನು ಎದ್ದು ನಿಂತು, ಎದೆಯುಬ್ಬಿಸಿಕೊಂಡು, ಎಲ್ಲ ಒಪ್ಪಿಸಿದೆ. ಇಡೀ ಕ್ಲಾಸು ನಕ್ಕುಬಿಡ್ತು. ಮೇಡಂ ಮಾತ್ರ ನಗಲಿಲ್ಲ. ‘ಹಾಗಂತ ನಾವು ಯಾರೂ ಹೇಳೋದಿಲ್ವಲ್ಲಪ್ಪ, ನಿನಗೆ ಯಾರು ಹೇಳಿದ್ರು?’ ಅಂದ್ರು. ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ ಅತ್ತಿಗೆ. ಯಾರೂ ಕೇಳದ ಪ್ರಶ್ನೆಗೆ ನಾನು ಉತ್ತರ ಕೊಟ್ಟು ಬಂದಿದ್ದೆ. ಮನೆಗೆ ಬಂದು ಅಮ್ಮನ್ನ ಒಂದೇ ಮಾತು ಕೇಳಿದೆ: ಇದೇ ಸುಳ್ಳಾದ್ರೆ, ನೀನು ಹೇಳಿಕೊಟ್ಟಿದ್ರಲ್ಲಿ ಇನ್ನೇನೇನು ಸುಳ್ಳು?”

ಯಾಕಮ್ಮ ತಾಯಿಯ ಕಡೆ ತಿರುಗಿದಳು.

“ಅಮ್ಮಾ, ಪುಸ್ತಿಕೆ ತಪ್ಪು ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದು ನೀನೇ ಅಲ್ವಾ?”

ಹುಡುಗಿಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಟೀಚರಮ್ಮ ತಡೆದುಕೊಳ್ಳುತ್ತಿದ್ದಳು. ಅಲ್ಲಿದ್ದುದು ಒಂದು ಹೊಸ ಎಚ್ಚರ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸುವವರ ಎಚ್ಚರ. ತನ್ನ ಮಗಳು ತನ್ನ ಮಾತನ್ನು ಎಣಿಸಿ ನೋಡಲು ಶುರುಮಾಡಿದ್ದಾಳೆ ಎಂಬುದು ಅವಳಿಗೆ ಆ ಕ್ಷಣ ಮನದಟ್ಟಾಯಿತು. ಇವತ್ತು ವಿಕಾಸದ ವಿಚಾರ. ನಾಳೆ ದೇವರ ವಿಚಾರ, ಪ್ರಾರ್ಥನೆಯ ವಿಚಾರ. ಮೈದುನ ಹೊರಟುಹೋದ ದಾರಿಯ ಮೊದಲ ಮೆಟ್ಟಿಲಲ್ಲಿ ಮಗಳು ನಿಂತಿದ್ದಳು, ಆ ಮೆಟ್ಟಿಲನ್ನು ಕಟ್ಟಿದ ಕೈಗಳಲ್ಲಿ ತನ್ನ ಕೈಯೂ ಇತ್ತು.

ಮರುದಿನ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಟೀಚರಮ್ಮ ಹಿಂಬದಿಯ ಕೋಣೆಗೆ ಹೋದಳು. ಅತ್ತೆಯವರು ಕಪಾಟಿನ ಧೂಳು ಒರೆಸುತ್ತಿದ್ದರು. ಟೀಚರಮ್ಮನ ಜೊತೆ ಬಂದ ಗಂಡ ಬಾಗಿಲಲ್ಲೇ ನಿಂತ.

“ಅತ್ತೆ, ಆ ಪಾಠ ನಾನು ಮಕ್ಕಳಿಗೆ ಹೇಳಿಕೊಡ್ತೀನಿ. ಈಗಲೇ. ಹೊಲಿಗೆ ಬಿಚ್ಚಬೇಕು.”

ಅತ್ತೆಯವರು ಬಟ್ಟೆ ಕೊಡವಿದರು. “ಹಾಲು ಕುಡಿಯೋ ಮಕ್ಕಳ ಬಾಯಿಗೆ ಮೆಣಸಿನಕಾಯಿ ಇಡ್ತೀಯಾ?”

“ಅವರಾಗಲೇ ಕದ್ದು ತಿಂದಾಗಿದೆ ಅತ್ತೆ. ಅರ್ಧ ಅರ್ಧ ತಿಂದು ಹೊಟ್ಟೆನೋವು ಬರಿಸ್ಕೊಂಡಿದ್ದಾರೆ.” ಕೊಳವೆಯ ಕಥೆಯನ್ನೂ ಸಿಟ್ಟಿನ ಮೀನಿನ ಕಥೆಯನ್ನೂ ಹೇಳಿದಳು.

ಅತ್ತೆಯವರ ತುಟಿಯ ಕೊನೆ ನಡುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. “ಹಾಗಾದ್ರೆ ಮೇಲೂ ಹೊಲೀತೀನಿ, ಕೆಳಗೂ ಹೊಲೀತೀನಿ.”

“ದಾರ ಪೋಣಿಸೋದು ನಾನಲ್ಲ.”

ಇಷ್ಟು ವರ್ಷಗಳಲ್ಲಿ ಸೊಸೆ ಆಡಿದ ಮೊದಲ ಎದುರುಮಾತು ಅದು. ಅತ್ತೆಯವರು ಮಗನತ್ತ ನೋಡಿದರು. “ಕೇಳಿದೆಯೇನೋ ನಿನ್ನ ಹೆಂಡತಿ ಮಾತು?”

“ಅಮ್ಮಾ, ನಾನು ಊರಿಗೆಲ್ಲ ಕನ್ನಡಕ ಕೊಡೋನು. ನನಗೆ ದೂರದ್ದೂ ಕಾಣುತ್ತೆ, ಹತ್ತಿರದ್ದೂ ಕಾಣುತ್ತೆ. ನಿಮ್ಮಿಬ್ಬರ ಮಧ್ಯೆ ಇರೋದು ಮಾತ್ರ ಕಾಣಲ್ಲ.”

“ಹೊರಗೆ ನಡಿ,” ಎಂದರು ಇಬ್ಬರೂ ಒಟ್ಟಿಗೆ.

ಅವನು ಹೊರಟ ಮೇಲೆ ಅತ್ತೆಯವರು ಕುಳಿತರು. ದನಿ ತಗ್ಗಿತು. “ಒಬ್ಬ ಮಗನ್ನ ಆ ಪಾಠಕ್ಕೆ ಕೊಟ್ಟಾಯ್ತು ಕಣಮ್ಮಾ. ಮೊಮ್ಮಗಳನ್ನೂ ಕೊಡು ಅಂತೀಯಾ?”

“ಅವನು ಪಾಠ ಓದಿದ್ದಕ್ಕೆ ಹೋಗಲಿಲ್ಲ ಅತ್ತೆ, ಓದದೇ ಇದ್ದಿದ್ದಕ್ಕೆ ಹೋದ. ಅವರು ಹೇಳದ ಮಾತನ್ನ ಅವರು ಹೇಳಿದ್ರು ಅಂತ ನಾವು ಮಕ್ಕಳ ಬಾಯಲ್ಲಿ ಹೇಳಿಸ್ತಿದ್ದೀವಿ. ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಬೇಡ ಅಂತಿದೆಯಲ್ಲ, ವಿಜ್ಞಾನಿಗಳ ವಿಷಯದಲ್ಲಿ ಪರವಾಗಿಲ್ಲ ಅಂತ ಎಲ್ಲಾದ್ರೂ ಸೇರಿಸಿದೆಯಾ? ದೇವರ ಪರವಾಗಿ ಸುಳ್ಳು ಹೇಳೋಕೆ ದೇವರು ನಮಗೆ ವಕಾಲತ್ತು ಕೊಟ್ಟಿದ್ದಾನಾ?”

ನ್ಯಾಯವಂತ ಉಪಾಧ್ಯಾಯಿನಿಗೆ ಎಂತಹ ಏಟು ತಾಗುತ್ತದೆಂಬುದು ಇನ್ನೊಬ್ಬ ಉಪಾಧ್ಯಾಯಿನಿಗೇ ಗೊತ್ತು. ಟೀಚರಮ್ಮ ಮುಂದುವರಿಸಿದಳು: “ವರ್ಷದ ಕೊನೆಗೆ ಎಲ್ಲರೆದುರು ಪಾಠ ಒಪ್ಪಿಸೋ ದಿನ ಇದೆಯಲ್ಲ, ಅವತ್ತು ಮಕ್ಕಳು ಇದನ್ನೇ ಒಪ್ಪಿಸಲಿ. ಮೊದಲು ವಿಜ್ಞಾನಿಗಳು ಹೇಳೋದನ್ನ, ಅವರೇ ತಲೆದೂಗೋ ಹಾಗೆ ಹೇಳಬೇಕು. ಆಮೇಲೆ ತಾವು ನಂಬೋದನ್ನ ಹೇಳಲಿ. ಮೊದಲನೇ ಭಾಗ ಸರಿಯಾಗಿದೆಯಾ ಅಂತ ಹೇಳೋಕೆ ಮೈದುನನ್ನ ಕರೀತೀನಿ.”

“ಅವನು ಬರ್ತಾನಾ?”

ಮಾತು ಬಾಯಿಂದ ಜಾರಿದ್ದು ಅತ್ತೆಯವರಿಗೇ ಗೊತ್ತಾಗಲಿಲ್ಲ. ಕೂಡಲೇ ಮುಖ ಗಂಟಿಕ್ಕಿಕೊಂಡು, “ಆಯ್ತು. ಆದರೆ ಅವತ್ತು ಒಂದೇ ಒಂದು ಮಗು ‘ದೇವರಿಲ್ಲ’ ಅಂದ್ರೆ, ಮಂಗಳವಾರದ ಪಾಠ ನಿನ್ನ ಕೈತಪ್ಪಿತು ಅಂತ ತಿಳ್ಕೋ. ಈ ಕೋಣೆಯ ಹೊಸ್ತಿಲು ಕೂಡ ತುಳಿಯೋ ಹಾಗಿಲ್ಲ. ಪಾಠಕ್ಕೆ ನಿನ್ನ ಕೈಲಿ ಒಂದು ಪ್ರತಿ ಸಾಕು, ಮಕ್ಕಳವು ಹೊಲಿದೇ ಇರಲಿ” ಎಂದು ಕೊರಳಿನಿಂದ ಬೀಗದ ಕೈ ತೆಗೆದರು.

ಪಾಠ ಆರಂಭವಾಯಿತು. ‘ಯಾವ ವಯಸ್ಸಿಗೆ ಹೇಳಬೇಕು?’ ಎಂದು ತಂದೆತಾಯಿಯರು ಮುತ್ತಿಗೆ ಹಾಕಿದಾಗ ಟೀಚರಮ್ಮ, “ಮಗು ಕೇಳಿದ ದಿನವೇ ವಯಸ್ಸಾಯ್ತು ಅಂತ ಅರ್ಥ. ಕೇಳಿದಷ್ಟು ಹೇಳೋಣ, ಕೇಳಿದಷ್ಟನ್ನ ಸರಿಯಾಗಿ ಹೇಳೋಣ” ಎಂದಳು. ಬೇಕರಿಯವರು ಮಾತ್ರ, “ನಮ್ಮ ಹುಡುಗ ಮೊದಲೇ ಕೋತಿ, ನೀವು ಸರ್ಟಿಫಿಕೇಟು ಬೇರೆ ಕೊಡಬೇಡಿ” ಎಂದು ಮಗನನ್ನು ಎರಡು ವಾರ ಕಳಿಸಲಿಲ್ಲ. ಬನ್ನು ಮನೆಯಲ್ಲಿ ಊಟ ಬಿಟ್ಟು ಕೂತ. ಅವನು ಊಟ ಬಿಟ್ಟದ್ದು ಅದೇ ಮೊದಲು. ತಂದೆ ಗಾಬರಿಯಾಗಿ ತಾವೇ ಕರೆತಂದು ಬಿಟ್ಟರು.

ಟೀಚರಮ್ಮ ಅತ್ತೆಯವರ ಹೊಲಿಗೆ ಪೆಟ್ಟಿಗೆಯಿಂದ ಅಂಗಿಯ ಗುಂಡಿಗಳನ್ನು ಕೇಳಿ ತಂದಳು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಕೆಂಪು, ಬಿಳಿ, ಹಸಿರು ಗುಂಡಿಗಳನ್ನು ಸಮಸಮವಾಗಿ ಚೆಲ್ಲಿದಳು. ಮಕ್ಕಳು ಹಕ್ಕಿಗಳು, ಗುಂಡಿಗಳು ಹುಳುಗಳು. ಚಪ್ಪಾಳೆ ತಟ್ಟಿದೊಡನೆ ಕಣ್ಣಿಗೆ ಬಿದ್ದದ್ದನ್ನು ಹೆಕ್ಕಬೇಕು. ಉಳಿದ ಪ್ರತಿ ಗುಂಡಿಗೂ ಅದೇ ಬಣ್ಣದ ಇನ್ನೊಂದು ‘ಮರಿ’ ಸೇರಿಸಿ, ಮತ್ತೆ ಚಪ್ಪಾಳೆ. ನಾಲ್ಕಾರು ಸುತ್ತು ಕಳೆಯುವಷ್ಟರಲ್ಲಿ ಬಟ್ಟೆಯ ಮೇಲೆ ಹೆಚ್ಚುಕಡಿಮೆ ಹಸಿರು ಗುಂಡಿಗಳೇ ಉಳಿದವು.

“ಗುಂಡಿ ಬಣ್ಣ ಬದಲಾಯಿಸ್ಕೊಂಡ್ತಾ?” ಟೀಚರಮ್ಮ ಕೇಳಿದಳು.

“ಇಲ್ಲ ಟೀಚರ್. ಒಂದೂ ಬದಲಾಗಿಲ್ಲ,” ಎಂದ ಬನ್ನು ಕಣ್ಣರಳಿಸಿ. “ಗುಂಪು ಬದಲಾಯ್ತು!”

ಯಾಕಮ್ಮ ಬಟ್ಟೆಯನ್ನೇ ನೋಡುತ್ತಿದ್ದಳು. “ಮೀನಿಗೆ ಸಿಟ್ಟು ಬರೋದೇ ಬೇಕಿರಲಿಲ್ಲ ಹಾಗಾದ್ರೆ,” ಎಂದಳು ಮೆಲ್ಲಗೆ.

ಬಳಿಕ ಒಂದೊಂದು ವಾರ ಒಬ್ಬೊಬ್ಬ ತಂದೆಯನ್ನೋ ತಾಯಿಯನ್ನೋ ಕರೆಸಿ ಅವರವರ ನಂಬಿಕೆಯನ್ನು ಹೇಳಿಸಿದಳು. ಬೇಕರಿಯವರು ಸೃಷ್ಟಿಯ ದಿನಗಳೆಂದರೆ ನಮ್ಮಂತಹವೇ ದಿನಗಳೆಂದರು. ಸಭಾಪಾಲಕರು ಆ ದಿನಗಳು ಯುಗಗಳಿರಬಹುದು ಎಂದರು. ಒಂದೇ ಸಭೆಯ ಒಂದೇ ಬೆಂಚಿನವರು ಬೇರೆ ಬೇರೆ ಹೇಳುವುದನ್ನು ಮಕ್ಕಳು ಬಾಯಿಬಿಟ್ಟು ಕೇಳಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಒಪ್ಪಿಸುವ ದಿನ ಬಂತು. ಪ್ರಾರ್ಥನಾಮಂದಿರದ ಬೆಂಚುಗಳು ತುಂಬಿದವು. ಮುಂದಿನ ಸಾಲಿನಲ್ಲಿ ಅತ್ತೆಯವರು, ನೆಟ್ಟಗೆ. ಎಲ್ಲರೂ ಕೂತ ಮೇಲೆ ಹಿಂದಿನ ಬಾಗಿಲಿನಿಂದ ಮೈದುನ ಒಳಗೆ ಬಂದು, ತೊಡೆಯ ಮೇಲೆ ಹೆಲ್ಮೆಟ್ಟಿಟ್ಟುಕೊಂಡು ಕೊನೆಯ ಬೆಂಚಿನ ತುದಿಯಲ್ಲಿ ಕೂತ. ಅತ್ತೆಯವರು ತಿರುಗಿ ನೋಡಲಿಲ್ಲ. ಆದರೆ ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಪಾಲಿನದನ್ನು ಹೇಳಿದರು. ಬನ್ನು ಗುಂಡಿಗಳ ಆಟವನ್ನು ಎಲ್ಲರೆದುರು ಆಡಿಸಿ ತೋರಿಸಿ, ಸ್ವಂತ ತಂದೆಯನ್ನೇ ಹಕ್ಕಿ ಮಾಡಿದ. ಕೊನೆಗೆ ಯಾಕಮ್ಮ ಮುಂದೆ ಬಂದಳು. ಕೈಕಟ್ಟಲಿಲ್ಲ.

“ಕೋತಿಗೆ ಮನುಷ್ಯ ಹುಟ್ಟಿದ ಅಂತ ವಿಜ್ಞಾನಿಗಳು ಹೇಳಲ್ಲ,” ಎಂದಳು. “ನಾನು ಎರಡು ವರ್ಷ ಹಾಗೆ ಹೇಳ್ಕೊಂಡು ತಿರುಗಿದ್ದೆ. ಅದು ತಪ್ಪು. ಅವರು ಹೇಳೋದು ಹೀಗೆ. ಒಂದೇ ತಾಯಿಯ ಮರಿಗಳೂ ಒಂದೇ ಥರ ಇರಲ್ಲ. ಹುಟ್ಟಿದ್ದೆಲ್ಲ ಬದುಕಲ್ಲ. ಇರೋ ಜಾಗಕ್ಕೆ ಹೊಂದೋವು ಹೆಚ್ಚು ಮರಿ ಬಿಟ್ಟು ಹೋಗ್ತಾವೆ. ಹೀಗೇ ಲಕ್ಷಾಂತರ ವರ್ಷ ನಡೆದ್ರೆ ಗುಂಪೇ ಬೇರೆ ಥರ ಆಗುತ್ತೆ. ಕೋತಿ ನಮ್ಮ ಅಜ್ಜ ಅಲ್ಲ. ತುಂಬ ತುಂಬ ಹಿಂದೆ ಅದಕ್ಕೂ ನಮಗೂ ಒಂದೇ ಪೂರ್ವಜರು ಇದ್ರು ಅಂತ ಅವರು ಹೇಳ್ತಾರೆ. ಅದಕ್ಕೆ ಮೂಳೆ, ರಕ್ತ, ಕಲ್ಲಿನಲ್ಲಿ ಉಳಿದ ಗುರುತು, ಎಲ್ಲ ಸಾಕ್ಷಿ ಇಡ್ತಾರೆ. ನಾನು ಮಗು ಆಗಿದ್ದೆ, ಮುಂದೆ ದೊಡ್ಡೋಳಾಗ್ತೀನಿ. ಯಾವ ದಿವಸ ದೊಡ್ಡೋಳಾದೆ ಅಂತ ಯಾರೂ ಬೆರಳಿಟ್ಟು ತೋರಿಸೋಕಾಗಲ್ಲ. ಅದೂ ಹಾಗೇ.”

ಟೀಚರಮ್ಮ ಕೊನೆಯ ಬೆಂಚಿನತ್ತ ನೋಡಿ, “ಸರಿಯಾಗಿ ಹೇಳಿದ್ಲಾ?” ಎಂದು ಕೇಳಿದಳು.

ಮೈದುನ ಎದ್ದ. “ಅವತ್ತು ಕಾಲೇಜಲ್ಲಿ ನನಗೆ ಇದರ ಅರ್ಧ ಗೊತ್ತಿದ್ದಿದ್ರೂ...” ಎಂದವನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ. “ಸರಿಯಾಗಿ ಹೇಳಿದ್ಲು ಅತ್ತಿಗೆ. ಒಂದು ಎಳೇನೂ ಆಚೀಚೆ ಆಗಿಲ್ಲ.” ಬಳಿಕ ನೇರವಾಗಿ ಹುಡುಗಿಯನ್ನೇ ಕೇಳಿದ: “ಅದು ಅವರು ಹೇಳೋದು. ನೀನು ಏನಂತೀಯ?”

ಈ ಪ್ರಶ್ನೆಯನ್ನು ಯಾರೂ ಮೊದಲೇ ಕೊಟ್ಟಿರಲಿಲ್ಲ. ಅತ್ತೆಯವರ ಕರವಸ್ತ್ರ ನಿಂತಲ್ಲೇ ನಿಂತಿತು.

“ದೇವರು ಮಾಡಿದ ಅಂತ ನಾನು ನಂಬ್ತೀನಿ,” ಎಂದಳು ಯಾಕಮ್ಮ. “ಹೇಗೆ ಮಾಡಿದ, ಎಷ್ಟು ಹೊತ್ತು ತಗೊಂಡ ಅನ್ನೋದ್ರಲ್ಲಿ ನಮ್ಮ ಮನೇಲೇ ಒಮ್ಮತ ಇಲ್ಲ. ಅಜ್ಜಿ ಆರು ದಿವಸ ಅಂತಾರೆ. ಅಮ್ಮ, ವಿಜ್ಞಾನಿಗಳ ಸಾಕ್ಷಿ ಗಟ್ಟಿಯಾಗಿದೆ, ಅದ್ರಿಂದ ನನ್ನ ಪ್ರಾರ್ಥನೆಗೇನೂ ಧಕ್ಕೆ ಇಲ್ಲ ಅಂತಾಳೆ. ಅಪ್ಪ ಕೇಳಿದಾಗೆಲ್ಲ ಅಂಗಡಿಗೆ ಹೊರಡ್ತಾರೆ.” ಬೆಂಚುಗಳ ಮೇಲೆ ನಗೆ ಹರಿದಾಡಿತು. “ನಾನು ಇನ್ನೂ ಓದ್ತಿದ್ದೀನಿ ಚಿಕ್ಕಪ್ಪಾ. ಓದಿ ಹೇಳ್ತೀನಿ. ಆದರೆ ಈಗ ನಮ್ಮನೇಲಿ ಯಾರೂ ನನಗೆ ಸುಳ್ಳು ಹೇಳಲ್ಲ. ಅದಕ್ಕೆ ಅವರು ಹೇಳೋ ಬೇರೆದನ್ನೂ ನಂಬ್ತೀನಿ.”

ಮೊದಲು ಚಪ್ಪಾಳೆ ತಟ್ಟಿದವರು ಬೇಕರಿಯವರು. ಆ ದಪ್ಪ ಕೈಗಳ ಸದ್ದಿಗೆ ಉಳಿದವರೂ ಎಚ್ಚೆತ್ತರು. ಮಂದಿರದ ಗಾಜುಗಳು ಅದುರಿದವು. ಟೀಚರಮ್ಮ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅತ್ತೆಯವರು ಎದ್ದು ನಿಂತಿದ್ದರು. ಸದ್ದು ತಟ್ಟನೆ ಅಡಗಿತು.

“ನಾನು ಆರು ದಿವಸ ಅಂತೀನಿ, ನಾಳೇನೂ ಹಾಗೇ ಅಂತೀನಿ,” ಎಂದರು ಅವರು, ಗಟ್ಟಿಯಾಗಿ. “ಆದರೆ ನಾನು ಮೇಷ್ಟ್ರು. ತಪ್ಪು ಹೇಳಿಕೊಟ್ಟಿದ್ರೆ ಹಲಗೆ ಒರೆಸಿ ಬರೆಯೋದು ನನ್ನ ಧರ್ಮ. ಕತ್ತರಿ ತನ್ನಿ.”

ಕಪಾಟಿನಿಂದ ಪುಸ್ತಕಗಳೂ ಹೊಲಿಗೆ ಪೆಟ್ಟಿಗೆಯೂ ಬಂದವು. ಅತ್ತೆಯವರು ಕತ್ತರಿ ಹಿಡಿದು ಬಾಗಿದರು; ದಾರ ಕಾಣಲಿಲ್ಲ. ಹಾಳೆಯನ್ನೇ ಕತ್ತರಿಸಿಯಾರೆಂದು ಟೀಚರಮ್ಮ ಮುಂದಾಗುವ ಮೊದಲೇ, ಕೊನೆಯ ಬೆಂಚಿನಿಂದ ಬಂದ ಎರಡು ಕೈಗಳು ಪುಸ್ತಕವನ್ನು ಹಿಡಿದು ದಾರವನ್ನು ಬಿಗಿಯಾಗಿ ಎತ್ತಿಕೊಟ್ಟವು.

“ಇಲ್ಲಿ ಕತ್ತರಿಸಮ್ಮಾ,” ಎಂದ ಮಗ.

ಅತ್ತೆಯವರು ಕತ್ತರಿಸಿದರು. ಒಂದಾದ ಮೇಲೊಂದು ಪುಸ್ತಕ, ನೀಲಿ ದಾರದ ತುಂಡುಗಳು ಕಾಲಬುಡದಲ್ಲಿ ಬಿದ್ದವು. ಹೊಲಿಗೆ ಬಿಚ್ಚಿದ ಒಂದು ಪ್ರತಿಯನ್ನು ಬನ್ನು ಕಿತ್ತುಕೊಂಡು, ಬೆಳಕಿಗೆ ಹಿಡಿದು, ಇಷ್ಟು ದಿನ ಕೊಳವೆಯಲ್ಲಿ ಕಂಡ ಸಾಲುಗಳನ್ನು ಪೂರ್ತಿಯಾಗಿ ಓದಿದ. “ಅಯ್ಯೋ, ಇಷ್ಟೇನಾ!” ಎಂದು ಪುಸ್ತಕವನ್ನು ಪಕ್ಕದವಳಿಗೆ ದಾಟಿಸಿ ತಿಂಡಿಯ ಮೇಜಿನ ಕಡೆ ಓಡಿದ.

ಕೊನೆಯ ದಾರ ಕತ್ತರಿಸಿದ ಮೇಲೆಯೂ ಅತ್ತೆಯವರು ಮಗನ ಕೈ ಬಿಡಲಿಲ್ಲ. ಕಣ್ಣು ಕಿರಿದು ಮಾಡಿ ಅವನ ಅಂಗಿಯನ್ನು ನೋಡಿದರು.

“ಪ್ರಯೋಗಾಲಯಕ್ಕೆ ಹೀಗೇ ಹೋಗ್ತೀಯೇನೋ? ಎದೆ ಮೇಲಿನ ಗುಂಡಿ ಎಲ್ಲಿ?”

“ಬಿದ್ದುಹೋಯ್ತಮ್ಮಾ.”

“ಉದುರಿದ್ದು ಕಾಣುತ್ತೆ. ಹೊಲಿಯೋರು ಗತಿಯಿರಲಿಲ್ವಾ?” ಬನ್ನು ಬಿಟ್ಟುಹೋದ ಹಸಿರು ಬಟ್ಟೆಯ ಮೇಲಿಂದ, ಅಷ್ಟು ಸುತ್ತುಗಳಲ್ಲೂ ಹಕ್ಕಿಗಳ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಹಸಿರು ಗುಂಡಿಯನ್ನು ತಡವಿ ಎತ್ತಿಕೊಂಡರು. ಮಗನ ಬಿಳಿ ಅಂಗಿಗೆ ಅದು ಚೂರೂ ಒಪ್ಪುತ್ತಿರಲಿಲ್ಲ.

“ಅಮ್ಮಾ, ಅದು ಬೇಡ, ಊರೆಲ್ಲ ಕಾಣುತ್ತೆ.”

“ಕಾಣಲಿ. ಎರಡು ನಿಮಿಷ ಅಲ್ಲಾಡದೆ ನಿಲ್ಲು.” ಅತ್ತೆಯವರು ಸೊಸೆಯ ಕಡೆ ಕೈಚಾಚಿದರು. “ಟೀಚರಮ್ಮಾ, ಏನು ನೋಡ್ತಾ ನಿಂತೆ? ಸೂಜಿಗೆ ದಾರ ಪೋಣಿಸು.”

ಯಾಕಮ್ಮ ತಾಯಿಯ ಮುಖ ನೋಡಿದಳು. ಟೀಚರಮ್ಮ ನೆಲದಿಂದ ಒಂದು ಉದ್ದನೆಯ ನೀಲಿ ತುಂಡನ್ನು ಹೆಕ್ಕಿ, ಎರಡೆಳೆ ಮಾಡಿ, ಒಂದೇ ಪ್ರಯತ್ನಕ್ಕೆ ಪೋಣಿಸಿ ಕೊಟ್ಟಳು.